ಇಪ್ಪತ್ತನೆಯ ಹಾಜರಿ

“ಮೊಮ್ಮಗನನ್ನ ಎ.ಸಿ. ಬಸ್ಸು ಹತ್ತಿಸಿ ಟಾಟಾ ಮಾಡಿ ಬರ್ತೀರಿ, ಇಲ್ಲಿ ಬಂದು ಸರ್ಕಾರಿ ಶಾಲೆ ಉಳಿಸ್ತೀನಿ ಅಂತೀರಿ. ನಾಚಿಕೆ ಆಗಲ್ವೇನ್ರೀ ನಿಮ್ಗೆ?” ಎಂದು ನಾನು ಕೇಳಿದೆ.

“ನಿಮ್ಮ ಮಗಳೇನು ಎತ್ತಿನ ಗಾಡೀಲಿ ಹೋಗ್ತಾಳಾ, ಬೈರಪ್ಪನೋರೆ?” ಎಂದರು ರಾಮಾನುಜ. “ಅವಳದ್ದೂ ಅಂಥದೇ ಸ್ಕೂಲು. ವ್ಯಾನು ಮಾತ್ರ ಹಳೇದು. ಅಷ್ಟೇ ವ್ಯತ್ಯಾಸ.”

ಸಭೆ ನಕ್ಕಿತು. ಯಾರಾದರೂ ಬೈದರೆ ನಾನು ತಡೆದುಕೊಳ್ಳುತ್ತೇನೆ, ತಿರುಗಿ ಬೈಯುವ ಅವಕಾಶ ಸಿಗುತ್ತದೆ. ನಕ್ಕರೆ ಏನು ಮಾಡುವುದು? ಎದ್ದು ನಿಲ್ಲಲು ಹೋದೆ. ನಾವೆಲ್ಲ ಕೂತಿದ್ದು ಒಂದನೇ ತರಗತಿಯ ಮಕ್ಕಳ ಬೆಂಚುಗಳ ಮೇಲೆ. ಮೊಣಕಾಲು ಎದೆಗೆ ತಾಗುವ ಹಾಗೆ ಕೂತವನು ಸಿಟ್ಟಿನಿಂದ ಎದ್ದರೆ ಬೆಂಚೂ ಜೊತೆಗೆ ಏಳುತ್ತದೆ. ಅದು ಎದ್ದಿತು. ಪಕ್ಕದಲ್ಲಿದ್ದ ಇಬ್ಬರು ಸದಸ್ಯರು ಜಾರಿದರು. ಸಭೆ ಇನ್ನೂ ಜೋರಾಗಿ ನಕ್ಕಿತು.

“ನನ್ನ ಮಗಳು ಸೋಮವಾರದಿಂದ ಇದೇ ಶಾಲೆಗೆ ಬರ್ತಾಳೆ. ಬರ್ಕೊಳ್ಳಿ ಮೇಡಂ,” ಎಂದೆ.

ಮುಖ್ಯೋಪಾಧ್ಯಾಯಿನಿ ಮಹಾನಂದ ಮೇಡಂ ವಿಜಯಪುರದ ಕಡೆಯವರು. ಅವರಿಗೆ ತಮಾಷೆ ಅರ್ಥವಾಗುವುದಿಲ್ಲ ಎಂದಲ್ಲ, ಸಭಾ ನಡವಳಿಯ ಪುಸ್ತಕ ಮುಂದಿದ್ದಾಗ ಅರ್ಥ ಮಾಡಿಕೊಳ್ಳುವುದಿಲ್ಲ. “ಬರದ್ನಿರೀ,” ಎಂದರು. ಬರೆದದ್ದನ್ನು ಒಮ್ಮೆ ಗಟ್ಟಿಯಾಗಿ ಓದಿದರು. ಅಧ್ಯಕ್ಷರಾದ ರಾಮಾನುಜ ಅಲ್ಲೇ ಸಹಿ ಹಾಕಿದರು. ಅವರು ಅಷ್ಟು ಬೇಗ ಯಾವ ಕಾಗದಕ್ಕೂ ಸಹಿ ಹಾಕಿದ್ದನ್ನು ನಾನು ನೋಡಿಲ್ಲ.

ಇದು ಎನ್.ಆರ್. ಕಾಲೋನಿಯ ನಮ್ಮ ಬೀದಿಯ ಕೊನೆಯಲ್ಲಿರುವ ಸರ್ಕಾರಿ ಕನ್ನಡ ಪ್ರಾಥಮಿಕ ಶಾಲೆಯ ವಿಷಯ. ಕಲ್ಲಿನ ಕಟ್ಟಡ, ಹೆಂಚಿನ ಮಾಡು, ನಾಲ್ಕು ಕೋಣೆ, ಇಬ್ಬರು ಟೀಚರು, ಹತ್ತೊಂಬತ್ತು ಮಕ್ಕಳು. ಸೋಮವಾರ ಇಲಾಖೆಯ ಅಧಿಕಾರಿ ಬಂದು ತಲೆ ಎಣಿಸುವವರಿದ್ದರು. ಇಪ್ಪತ್ತು ತಲೆ ಇದ್ದರೆ ಶಾಲೆ ಇರುತ್ತದೆ. ಇಲ್ಲದಿದ್ದರೆ ಎರಡು ದೊಡ್ಡ ರಸ್ತೆ ದಾಟಿ ಸಿಗುವ ಇನ್ನೊಂದು ಶಾಲೆಯ ಜೊತೆ ಇದನ್ನು ವಿಲೀನ ಮಾಡುತ್ತಾರೆ. ಅದನ್ನು ತಡೆಯಲೆಂದೇ ನಾವು ‘ನಮ್ಮ ಶಾಲೆ ಉಳಿಸಿ ಸಮಿತಿ’ ಮಾಡಿದ್ದು. ಎರಡು ತಿಂಗಳಲ್ಲಿ ಸಮಿತಿ ಬ್ಯಾನರ್ ಕಟ್ಟಿತ್ತು, ಮೆರವಣಿಗೆ ಮಾಡಿತ್ತು, ಲೆಟರ್‌ಹೆಡ್ ಅಚ್ಚು ಹಾಕಿಸಿತ್ತು. ಲೆಟರ್‌ಹೆಡ್ಡಿನ ಎಡಬದಿಯಲ್ಲಿ ಹದಿಮೂರು ಸದಸ್ಯರ ಹೆಸರು. ಹಾಜರಿ ಪುಸ್ತಕದಲ್ಲಿ ಹತ್ತೊಂಬತ್ತು ಮಕ್ಕಳ ಹೆಸರು. ಎರಡೂ ಪಟ್ಟಿಯಲ್ಲಿರುವ ಮನೆ ಒಂದೂ ಇರಲಿಲ್ಲ. ಈ ಸಂಗತಿ ಆ ಗುರುವಾರದ ಸಭೆಯವರೆಗೆ ಯಾರ ಗಮನಕ್ಕೂ ಬಂದಿರಲಿಲ್ಲ.

ಮಕ್ಕಳ ಕಡೆಯಿಂದ ಸಭೆಗೆ ಬರುತ್ತಿದ್ದವಳು ಮುನಿಲಕ್ಷ್ಮಮ್ಮ ಒಬ್ಬಳೇ. ಬೆಳಗಿನ ಜಾವ ಮಾರುಕಟ್ಟೆಯಿಂದ ಹೂವು ತಂದು ಮನೆ ಮನೆಗೆ ಕೊಡುತ್ತಾಳೆ. ಅವಳ ಮಗಳು ಸಾನ್ವಿ ಅಲ್ಲಿ ನಾಲ್ಕನೇ ತರಗತಿ. ಮುನಿಲಕ್ಷ್ಮಮ್ಮ ಸಮಿತಿಯ ಸದಸ್ಯೆ ಅಲ್ಲ. ಸೇರಿಸಬೇಕೆಂದು ನಮಗೆ ಹೊಳೆದಿರಲಿಲ್ಲ. ಬಾಗಿಲ ಹತ್ತಿರ ನಿಂತಿರುತ್ತಿದ್ದಳು, ಟೀ ಲೋಟ ಎಣಿಸುವಾಗ ಮಾತ್ರ ಅವಳನ್ನೂ ಎಣಿಸುತ್ತಿದ್ದೆವು. ಅಂದು ಸಭೆ ಮುಗಿದ ಮೇಲೆ ನನ್ನ ಹತ್ತಿರ ಬಂದು, ಶಾಲೆ ದೂರ ಹೋದರೆ ಸಾನ್ವಿಯನ್ನು ಊರಲ್ಲಿ ಅಜ್ಜಿ ಹತ್ತಿರ ಬಿಡಬೇಕು ಅಂತ ಮಾಡಿದ್ದೆ, ಬೆಳಿಗ್ಗೆ ಹೊತ್ತು ಅವಳ ಜೊತೆ ರಸ್ತೆ ದಾಟುವವರು ಯಾರೂ ಇಲ್ಲ, ಇನ್ನು ಪರವಾಗಿಲ್ಲ ಎಂದಳು. ಒಂದು ಮೊಳ ಮಲ್ಲಿಗೆ ಕೈಗಿಟ್ಟು, “ಪಾಪುಗೆ ಮುಡಿಸಿ ಅಣ್ಣ,” ಎಂದಳು.

ನಾನು ಏನೋ ದೊಡ್ಡ ಕೆಲಸ ಮಾಡಿದವನ ಹಾಗೆ ಹೂವು ಹಿಡಿದು ಮನೆಗೆ ಬಂದೆ. ಮಾತು ಸಿಟ್ಟಿನಲ್ಲಿ ಬಂದದ್ದು, ಸಿಟ್ಟು ಇಳಿದ ಮೇಲೆ ಅದೂ ಇಳಿದು ಹೋಗುತ್ತದೆ ಎಂದುಕೊಂಡಿದ್ದೆ. ನನ್ನ ಬಹಳಷ್ಟು ಮಾತುಗಳು ಹಾಗೆಯೇ ಇಳಿದು ಹೋಗಿವೆ.

ಈ ಮಾತು ಇಳಿಯಲಿಲ್ಲ, ಮಹಡಿ ಹತ್ತಿತು. ರಾಮಾನುಜ ನಮ್ಮ ಸಮಿತಿಯ ಅಧ್ಯಕ್ಷರಷ್ಟೇ ಅಲ್ಲ, ನಮ್ಮ ಮನೆ ಮಾಲೀಕರು. ಕೆಳಗೆ ಅವರು, ಮೇಲೆ ನಾವು. ಬ್ಯಾಂಕಿನಿಂದ ನಿವೃತ್ತರಾದವರು, ಪತ್ರಿಕೆಗಳಿಗೆ ಪತ್ರ ಬರೆಯುವವರು. ಮನುಷ್ಯ ಕೆಟ್ಟವರಲ್ಲ. ಅವರು ಓದಿದ್ದು ಇದೇ ಶಾಲೆಯಲ್ಲಿ, ಕಿಟಕಿಯ ಯಾವ ಸರಳು ಬಾಗಿದೆ ಎಂಬುದು ಕೂಡ ಗೊತ್ತು. ಆದರೆ ಅವರ ಬಾಡಿಗೆ ಕರಾರು ಬಲು ಬಿಗಿ. ನಾಲ್ಕನೇ ಕಲಮಿನ ಪ್ರಕಾರ ಮೇಲಿನ ಮನೆಯಲ್ಲಿ ಮಾಂಸ, ಮೀನು, ಮೊಟ್ಟೆ ಬೇಯುವಂತಿಲ್ಲ. ಎಂಟು ವರ್ಷದಿಂದ ಬೇಯಿಸಿಲ್ಲ. ಮನೆಯ ಹೊರಗೆ ನಾನೇನು ತಿನ್ನುತ್ತೇನೆ ಎಂಬುದು ಕರಾರಿನಲ್ಲಿಲ್ಲ, ಹಾಗಾಗಿ ನನಗೆ ತೊಂದರೆಯಿಲ್ಲ. ಒಂಬತ್ತು ವರ್ಷದ ಹುಡುಗಿ ಒಬ್ಬಳೇ ಮಿಲಿಟರಿ ಹೋಟೆಲಿಗೆ ಹೋಗುವುದಿಲ್ಲವಲ್ಲ. ನನ್ನ ಮಗಳು ತೇಜಶ್ರೀಗೆ ಮೊಟ್ಟೆ ಸಿಗುವುದು ಅಜ್ಜಿ ಊರಿಗೆ ಹೋದಾಗ ಮಾತ್ರ. ಸಾನ್ವಿ ಹೂವು ಕೊಡಲು ಬಂದಾಗ ಇಬ್ಬರೂ ಮೆಟ್ಟಿಲ ಮೇಲೆ ಕೂತು ಮಾತಾಡುತ್ತಾರೆ. ಒಮ್ಮೆ ತೇಜಶ್ರೀ ನನ್ನನ್ನು ಕೇಳಿದ್ದಳು, ಸಾನ್ವಿಗೆ ಸ್ಕೂಲಲ್ಲೇ ಮೊಟ್ಟೆ ಕೊಡ್ತಾರಂತಲ್ಲ, ನಮ್ಮ ಸ್ಕೂಲಲ್ಲಿ ಯಾಕೆ ಕೊಡಲ್ಲ ಎಂದು. ದುಡ್ಡು ಕೊಡುವ ಸ್ಕೂಲಲ್ಲಿ ಏನೂ ಕೊಡಲ್ಲ ಎಂದು ಹೇಳಿ ಪೇಪರ್ ಓದಿದ್ದೆ.

ಶುಕ್ರವಾರ ಬೆಳಿಗ್ಗೆ ರಾಮಾನುಜ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಒಂದು ಪುಟದಷ್ಟು ಬರೆದರು. ತಮ್ಮ ಬಾಡಿಗೆದಾರರಾದ ಶ್ರೀ ದೊಡ್ಡಬೈರಪ್ಪನವರು ಸ್ವಂತ ಮಗಳನ್ನು ಸರ್ಕಾರಿ ಶಾಲೆಗೆ ಸೇರಿಸಿ ಮಾದರಿಯಾಗಿದ್ದಾರೆ, ನಾವೆಲ್ಲ ತಲೆಬಾಗಬೇಕು ಎಂದು. ನನ್ನ ಹಳೆಯ ಫೋಟೊವನ್ನೂ ಹಾಕಿದ್ದರು. ಫೋಟೊದ ಸುತ್ತ ಹೂವಿನ ಚೌಕಟ್ಟು ಇತ್ತು. ಮೊದಲ ಮೂವರು ಫೋಟೊ ಮಾತ್ರ ನೋಡಿ ನನ್ನ ಆತ್ಮಕ್ಕೆ ಶಾಂತಿ ಕೋರಿದರು.

ನಂತರದವರು ಓದಿದರು. ಅಲ್ಲಿಂದ ಶುರುವಾಯಿತು.

ನನ್ನದು ನಗರ್ತಪೇಟೆಯಲ್ಲಿ ಸ್ವಿಚ್ಚು, ವೈರು, ಬಲ್ಬಿನ ಅಂಗಡಿ. ಹನ್ನೊಂದು ಗಂಟೆಗೆ ಪಕ್ಕದ ಅಂಗಡಿಯವನು ಬಂದು ಸುಮ್ಮನೆ ಕೂತ. ಹತ್ತು ನಿಮಿಷ ಬೀದಿ ನೋಡಿದ. ಆಮೇಲೆ ಮೆಲ್ಲಗೆ, ಯಾವಾಗಿಂದ ವ್ಯಾಪಾರ ಹೀಗಾಯಿತು, ಒಂದು ಮಾತು ಹೇಳಬಾರದಿತ್ತೇ ಎಂದು ಕೇಳಿದ. ವ್ಯಾಪಾರ ಚೆನ್ನಾಗಿದೆ ಮಾರಾಯ ಎಂದೆ. ಅವನು ನನ್ನ ಭುಜ ತಟ್ಟಿದ. ಧೈರ್ಯವಾಗಿರುವವರೆಲ್ಲ ಹಾಗೇ ಹೇಳುತ್ತಾರೆ ಎಂಬಂತೆ ತಟ್ಟಿದ.

ಮಗಳನ್ನು ಸರ್ಕಾರಿ ಶಾಲೆಗೆ ಹಾಕುತ್ತೇನೆ ಅಂದವನು ಮುಳುಗಿರಲೇಬೇಕು. ಇದು ನಗರ್ತಪೇಟೆಯ ಲೆಕ್ಕ. ನಾವಿರುವ ಬಸವನಗುಡಿಯ ಲೆಕ್ಕವೂ ಅದೇ. ಸಂಜೆಯ ಹೊತ್ತಿಗೆ ಅದು ನಮ್ಮ ನೆಂಟರ ಲೆಕ್ಕವೂ ಆಗಿತ್ತು. ಮತ್ತಿಕೆರೆಯಲ್ಲಿ ಮನೆ ಕಟ್ಟಿಸಿಕೊಡುವ ನನ್ನ ಷಡ್ಡಕ ಫೋನ್ ಮಾಡಿ, ಅವನ ಸೈಟಿನಲ್ಲಿ ಸಿಮೆಂಟು ಕಾಯಲು ನಂಬಿಕೆಯ ಮನುಷ್ಯ ಬೇಕಾಗಿದ್ದಾನೆ, ಮಾನ ಮರ್ಯಾದೆ ನೋಡಬಾರದು ಎಂದ. ನಾನು ಅವನಿಗೆ ಏನು ಹೇಳಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಸಿಟ್ಟು ಮಾಡಿಕೊಂಡನಲ್ಲ ಪಾಪ, ಎಷ್ಟು ನೊಂದಿದಾನೋ ಎಂದು ಅವನು ನನ್ನ ಹೆಂಡತಿಗೆ ಹೇಳಿದನಂತೆ.

ಮನೆಗೆ ಬಂದರೆ ಕೆಳಗಿನ ಭಾಗೀರಥಮ್ಮ, ರಾಮಾನುಜರ ಹೆಂಡತಿ, ಮೊಮ್ಮಗ ಅಭಿರಾಮನ ಹಳೆಯ ಸ್ಕೂಲ್ ಬ್ಯಾಗು, ಅರ್ಧ ಖಾಲಿಯಾದ ಕ್ರೇಯಾನ್ ಡಬ್ಬಿ, ಒಂದು ರೇನ್‌ಕೋಟು ತಂದು ಕೊಟ್ಟು ಹೋಗಿದ್ದರು. ನನ್ನ ಹೆಂಡತಿ ಮಾನಸ ಅವನ್ನು ಸೋಫಾದ ಮೇಲೆ ಸಾಲಾಗಿ ಇಟ್ಟು ನನಗಾಗಿ ಕಾಯುತ್ತಿದ್ದಳು.

“ನಾನು ಓದಿದ್ದೂ ಸರ್ಕಾರಿ ಶಾಲೇಲೇ ಕಣೇ,” ಎಂದೆ. “ಒಬ್ಬರೇ ಮೇಷ್ಟ್ರು, ನಾಲ್ಕು ಕ್ಲಾಸು, ಒಂದೇ ಕೋಣೆ. ನಾನೇನು ಹಾಳಾದ್ನಾ?”

ಮಾನಸ ನನ್ನನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದಳು. ಉತ್ತರ ಕೊಡುವ ಅಗತ್ಯವಿಲ್ಲ ಅನ್ನುವ ಹಾಗೆ ನೋಡಿದಳು.

ಶನಿವಾರ ಬೆಳಿಗ್ಗೆ ಮಾಗಡಿ ಬಸ್ಸಿನಲ್ಲಿ ನನ್ನ ಅತ್ತೆ ಲಕ್ಕಮ್ಮ ಬಂದಿಳಿದರು. ಒಂದು ಮೂಟೆ ರಾಗಿ, ಒಂದು ಚೀಲ ಹುರುಳಿಕಾಳು. ಅಂಗಡಿ ಹೋದರೆ ಹೋಗಲಿ, ಮಗು ಹಸಿದಿರಬಾರದು ಎಂದರು. ಅಂಗಡಿ ಹೋಗಿಲ್ಲ ಎಂದು ನಾನು ಕೂಗಿದೆ. ಬಾಗಿಲು ತೆರೆದಿತ್ತು. ಕೆಳಗೆ ರಂಗೋಲಿ ಹಾಕುತ್ತಿದ್ದ ಭಾಗೀರಥಮ್ಮನಿಗೆ ‘ಅಂಗಡಿ’, ‘ಹೋಗಿ’ ಎಂಬಷ್ಟು ಕೇಳಿಸಿತೆಂದು ಕಾಣುತ್ತದೆ. ಮಧ್ಯಾಹ್ನ ಅವರು ಹುಳಿ, ಪಲ್ಯ, ಹಪ್ಪಳ ಕಳಿಸಿದರು. ಹುಳಿ ಚೆನ್ನಾಗಿತ್ತು, ಅದು ಬೇರೆ ಮಾತು.

ಇದು ಹೀಗೇ ಬಿಟ್ಟರೆ ನನ್ನ ತಿಥಿಯವರೆಗೂ ಹೋಗುತ್ತದೆ ಎನಿಸಿ ಅವತ್ತೇ ಶಾಲೆಗೆ ಹೋದೆ. ನನ್ನ ಹೆಸರಿನ ಆ ಸಾಲು ಹೊಡೆದು ಹಾಕಿ ಎಂದು ಮೇಡಂಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

“ಹಂಗ ಹೊಡಿಯಾಕ ಬರೂದಿಲ್ರೀ ಸರ. ಇನ್ನೊಂದು ಸಭಾ ಕರೀಬೇಕು, ಅಷ್ಟೂ ಮಂದಿ ಕೂಡಬೇಕು, ನೀವು ಎದ್ದು ನಿಂತು ‘ನಾ ಅಂದಿದ್ದು ಸುಳ್ಳು’ ಅನ್ನಬೇಕು, ಅದನ್ನ ನಾ ಬರೀಬೇಕು, ಅಧ್ಯಕ್ಷರು ಸಹಿ ಮಾಡಬೇಕು.”

ಹದಿಮೂರು ಜನರ ಮುಂದೆ ಎದ್ದು ನಿಲ್ಲುವುದು, ಮತ್ತೆ ಬೆಂಚು ಏಳುವುದು, ರಾಮಾನುಜ ಸಹಿ ಹಾಕುವುದು, ಇಷ್ಟನ್ನೂ ಮನಸ್ಸಿನಲ್ಲಿ ನೋಡಿದೆ. ಬೇಡ ಎಂದೆ. ಹೊರಗೆ ಬಂದರೆ ಮುನಿಲಕ್ಷ್ಮಮ್ಮ ಜಗಲಿಯ ಮೇಲೆ ಕೂತು ನಾಲ್ಕನೇ ತರಗತಿಯ ಒಂದು ಬೆಂಚು ತೊಳೆಯುತ್ತಿದ್ದಳು. ಸಾನ್ವಿ ಪಕ್ಕದಲ್ಲಿ ಜಾಗ ಮಾಡಿದೀನಿ, ನಿಮ್ಮ ಪಾಪು ಬಟ್ಟೆ ಕೊಳೆಯಾಗಬಾರದಲ್ಲ ಎಂದಳು. ನಾನು ಒಳ್ಳೆಯದು ಎಂದು ಹೇಳಿ ಬಂದುಬಿಟ್ಟೆ. ಬೈಯುವುದಕ್ಕೆ ಒಬ್ಬ ಮನುಷ್ಯನೂ ಸಿಗದ ದಿನ ಅದು.

ಭಾನುವಾರ ಪರಿಹಾರ ಹೇಳಿದವರು ರಾಮಾನುಜರೇ. ಅವರಿಗೂ ಎರಡು ದಿನದಲ್ಲಿ ಬಿಸಿ ತಟ್ಟಿತ್ತು. ಗುಂಪಿನಲ್ಲಿ ಯಾರೋ, ಬಾಡಿಗೆಯವರು ಮಾದರಿಯಾದರು, ಮಾಲೀಕರು ಯಾವಾಗ ಎಂದು ಕೇಳಿದ್ದರು. ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ, ದನಿ ತಗ್ಗಿಸಿ ಹೇಳಿದರು: ಅಧಿಕಾರಿ ಎಣಿಸುವುದು ಸೋಮವಾರ ಒಂದು ದಿನ. ಅಂದು ಮಗು ಕೂತಿರಲಿ. ಎಣಿಕೆ ಮುಗಿದು ಕಾಗದ ಮೇಲೆ ಹೋದರೆ ಶಾಲೆ ಉಳಿಯಿತು. ಮಂಗಳವಾರ ಅವಳು ತನ್ನ ಸ್ಕೂಲಿಗೆ ಹೋಗಲಿ, ಯಾರು ಕೇಳುತ್ತಾರೆ? ಈ ಉಪಾಯ ಮಾನಸಳಿಗೂ ಒಪ್ಪಿಗೆಯಾಯಿತು. ಅರ್ಧ ದಿನ ಮಾತ್ರ, ಎರಡು ಗಂಟೆಗೆ ಸ್ಕೂಟರಿನಲ್ಲಿ ಕರೆದುಕೊಂಡು ಹೋಗಿ, ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದಳು ಎಂದು ಹೇಳಿ ಅವಳ ಸ್ಕೂಲಿಗೆ ಬಿಡಬೇಕು ಎಂದಳು. ಹಾಗಾಗಿ ತೇಜಶ್ರೀ ತನ್ನ ಸ್ಕೂಲಿನ ಯೂನಿಫಾರ್ಮಿನಲ್ಲೇ, ಟೈ ಕಟ್ಟಿಕೊಂಡೇ ಹೋಗುವುದೆಂದು ತೀರ್ಮಾನವಾಯಿತು.

ಈ ತೀರ್ಮಾನದಲ್ಲಿ ತೇಜಶ್ರೀಯನ್ನು ಯಾರೂ ಕೇಳಲಿಲ್ಲ. ಆಗ ಅದು ನಮಗೆ ಕೊರತೆ ಎನಿಸಲಿಲ್ಲ.

ಸೋಮವಾರ ಬೆಳಿಗ್ಗೆ, ಮರುದಿನದ ವಿಷಯ ಹೇಳೋಣವೆಂದು ವ್ಯಾನಿನವನಿಗೆ ಫೋನ್ ಮಾಡಿದೆ. ಅವನು ತೇಜಶ್ರೀಯ ಸೀಟನ್ನು ಬೇರೆ ಹುಡುಗಿಗೆ ಕೊಟ್ಟಾಗಿತ್ತು. ಗ್ರೂಪಿನಲ್ಲಿ ಓದಿದೆ ಸರ್, ಒಳ್ಳೆ ಕೆಲಸ ಮಾಡಿದ್ರಿ, ನಮ್ಮಂಥವರಿಗೆ ಆಗಲ್ಲ ಎಂದ. ಅವನ ಮಕ್ಕಳು ಯಾವ ಸ್ಕೂಲಿಗೆ ಹೋಗುತ್ತವೆ ಎಂದು ಕೇಳುವ ಮನಸ್ಸಾಯಿತು, ಕೇಳಲಿಲ್ಲ.

ಹನ್ನೆರಡೂವರೆಗೆ ಅಧಿಕಾರಿ ಅನಿಲ್ ಕುಮಾರ್ ಬಂದರು. ತೆಳ್ಳಗಿನ, ಬೇಸತ್ತ ಮನುಷ್ಯ. ಆ ದಿನ ಅವರಿಗೆ ಅದು ಮೂರನೆಯ ಶಾಲೆಯಂತೆ. ನಾಲ್ಕೂ ಕೋಣೆ ಸುತ್ತಿ, ಪೆನ್ನಿನ ತುದಿಯಿಂದ ಒಂದೊಂದು ತಲೆ ತೋರಿಸಿ ಎಣಿಸಿದರು. ಇಪ್ಪತ್ತು. ನಂಬದೆ ಮತ್ತೊಮ್ಮೆ ಕೊನೆಯಿಂದ ಎಣಿಸಿದರು. ಇಪ್ಪತ್ತೇ. ಮೇಡಂ ಅಂದು ಮೊದಲ ಬಾರಿಗೆ ನಕ್ಕದ್ದು ನೋಡಿದೆ. ಸಾನ್ವಿಯ ಪಕ್ಕ, ತೊಳೆದ ಬೆಂಚಿನ ಮೇಲೆ, ಹೊಳೆಯುವ ಬೂಟು ಹಾಕಿಕೊಂಡು ನನ್ನ ಮಗಳು ಕೂತಿದ್ದಳು. ಹಾಲು ಮಾರುವವನ ಮನೆಗೆ ಕಲೆಕ್ಟರು ಬಂದ ಹಾಗೆ ಕಾಣುತ್ತಿತ್ತು.

ಅಧಿಕಾರಿಗೂ ಹಾಗೇ ಕಂಡಿರಬೇಕು. ಅವಳನ್ನು ಮೇಡಂ ಕೋಣೆಗೆ ಕರೆಸಿದರು. ನಾನು, ರಾಮಾನುಜ, ಮೇಡಂ ಮೂವರೂ ಅಲ್ಲಿದ್ದೆವು. ಮುನಿಲಕ್ಷ್ಮಮ್ಮ ಅವಳ ಜಾಗದಲ್ಲಿ, ಬಾಗಿಲ ಹತ್ತಿರ.

“ಹೆಸರೇನಮ್ಮ?” ಎಂದರು ಅಧಿಕಾರಿ.

“ತರ್ಟಿ ಸೆವೆನ್,” ಎಂದಳು ತೇಜಶ್ರೀ. ಆಮೇಲೆ ನೆನಪಾದವಳ ಹಾಗೆ, “ತೇಜಶ್ರೀ,” ಎಂದಳು.

ಅವಳ ಸ್ಕೂಲಿನಲ್ಲಿ ಒಂದು ಸೆಕ್ಷನ್ನಿಗೆ ಐವತ್ತೆರಡು ಮಕ್ಕಳು. ನಂಬರಿನಿಂದಲೇ ಕರೆಯುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ. ಮೂರು ವರ್ಷದಿಂದ ಅವಳು ಅಲ್ಲಿ ಓದುತ್ತಿದ್ದಾಳೆ. ಅಧಿಕಾರಿ ವರ್ಗಾವಣೆ ಪತ್ರ ಎಲ್ಲಿ ಎಂದು ಕೇಳಿದರು. ಒಂದು ತಿಂಗಳೊಳಗೆ ತರುತ್ತಾರೆ ಎಂದು ನನ್ನ ಪರವಾಗಿ ರಾಮಾನುಜ ಹೇಳಿದರು. ಅಧಿಕಾರಿ ಫೈಲಿನಲ್ಲಿ ಇಪ್ಪತ್ತು ಎಂದು ಬರೆದು ಅಡಿಗೆರೆ ಹಾಕಿದರು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ರಾಮಾನುಜರಿಗೆ ಸಂತೋಷವಾದರೆ ದನಿ ತಗ್ಗುವುದಿಲ್ಲ. ನನ್ನ ಕಿವಿಯಲ್ಲಿ ಹೇಳುತ್ತಿದ್ದೇನೆ ಎಂದುಕೊಂಡು ಇಡೀ ಕೋಣೆಗೆ ಕೇಳುವ ಹಾಗೆ, “ಮುಗೀತು. ನಾಳೆಯಿಂದ ಮಗೂನ ಅವಳ ಸ್ಕೂಲಿಗೆ ಕಳಿಸ್ಬಿಡಿ,” ಎಂದರು.

ಅಧಿಕಾರಿ ಪೆನ್ನಿನ ಮುಚ್ಚಳ ಹಾಕುವುದನ್ನು ನಿಲ್ಲಿಸಿದರು. ಮೇಡಂ ನನ್ನನ್ನು ನೋಡಿದರು. ಮುನಿಲಕ್ಷ್ಮಮ್ಮ ಬಾಗಿಲಿನಿಂದ ಒಂದು ಹೆಜ್ಜೆ ಒಳಗೆ ಬಂದಳು. ಎರಡು ತಿಂಗಳಲ್ಲಿ ಮೊದಲ ಸಲ.

“ಹಂಗಾದ್ರೆ ನಾಳೆ ಮತ್ತೆ ಹತ್ತೊಂಬತ್ತೇನಾ, ಅಣ್ಣ?” ಎಂದಳು.

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ನಿಂತು ನೋಡುವ ಅಭ್ಯಾಸ ನನಗಿಲ್ಲ, ಹತ್ತಿರ ಇದ್ದವರು ರಾಮಾನುಜ. ಉಪಾಯ ನಿಮ್ಮದು, ಈಗ ನಿಮ್ಮ ಅಭಿರಾಮನನ್ನು ಕರ್ಕೊಂಡು ಬನ್ನಿ, ಇಪ್ಪತ್ತು ಆಗಲಿ ಎಂದೆ. ಅವನು ಕನ್ನಡವನ್ನೇ ಓದಲಾರ, ಹೇಗೆ ಬರುತ್ತಾನೆ ಎಂದರು ಅವರು. ಓದಲಾರದಂತೆ ಮಾಡಿದ್ದು ಯಾರು ಎಂದೆ. ಮಾತು ಕೊಟ್ಟಿದ್ದು ನೀವು ತಾನೇ ಎಂದರು. ಸಹಿ ಹಾಕಿದ್ದು ನೀವು ಎಂದೆ. ಬೀದಿಗೆಲ್ಲ ಡಂಗುರ ಹೊಡೆದು ನನ್ನನ್ನು ದಿವಾಳಿ ಮಾಡಿಸಿದಿರಿ ಎಂದೆ. ದಿವಾಳಿ ಎಂಬ ಮಾತು ಕೇಳಿ ಅಧಿಕಾರಿ ನನ್ನ ಕಡೆ ಕರುಣೆಯಿಂದ ನೋಡಿದರು. ನಡವಳಿಯಲ್ಲಿ ಇದನ್ನೂ ಬರೆಯಬೇಕೇ ಎಂದು ಮೇಡಂ ಕೇಳಿದರು. ಬರೆಯಿರಿ ಎಂದು ನಾವಿಬ್ಬರೂ ಒಟ್ಟಿಗೆ ಕೂಗಿದೆವು.

ಅಧಿಕಾರಿ ಎದ್ದು ನಿಂತರು. “ನೀವು ಆಡಿದ್ದು ನಂಗೆ ಕೇಳಿಸಿಲ್ಲ ಅಂತ ಇಟ್ಕೊಳ್ಳಿ,” ಎಂದರು. “ಆದ್ರೆ ಯಾವತ್ತಾದ್ರೂ ಹೇಳದೆ ಕೇಳದೆ ಬಂದು ಎಣಿಸ್ತೀನಿ. ಅವತ್ತು ಹತ್ತೊಂಬತ್ತು ಇದ್ರೆ ನಾನೇ ಬೀಗ ಹಾಕಿ ಬೀಗದ ಕೈ ತಗೊಂಡು ಹೋಗ್ತೀನಿ.”

ರಾಮಾನುಜ ಅಧಿಕಾರಿಗೂ ಏನೋ ಹೇಳತೊಡಗಿದರು, ಅವರೂ ತಿರುಗಿ ಹೇಳಿದರು, ನಾನು ಇಬ್ಬರಿಗೂ ಹೇಳಿದೆ. ಮುನಿಲಕ್ಷ್ಮಮ್ಮ ನನ್ನನ್ನೇ ನೋಡುತ್ತಿದ್ದಳು, ನಾನು ಎಲ್ಲ ಕಡೆ ನೋಡಿದೆ, ಆ ಕಡೆಯೊಂದನ್ನು ಬಿಟ್ಟು.

ಆಗ ಊಟದ ಗಂಟೆ ಹೊಡೆಯಿತು. ಜಗಲಿಯಲ್ಲಿ ತಟ್ಟೆಗಳ ಸದ್ದಾಯಿತು. ಬೆಂದ ಮೊಟ್ಟೆಯ ವಾಸನೆ ಕೋಣೆಗೆ ಬಂತು. ರಾಮಾನುಜ ಮಾತು ನಿಲ್ಲಿಸಿ ಶಲ್ಯ ಮೂಗಿಗೆ ಹಿಡಿದರು. ಸಾನ್ವಿ ಕಿಟಕಿಯಲ್ಲಿ ಕಾಣಿಸಿಕೊಂಡು ಎರಡು ತಟ್ಟೆ ಎತ್ತಿ ತೋರಿಸಿದಳು.

ತೇಜಶ್ರೀ ಕುತ್ತಿಗೆಯಿಂದ ಟೈ ಬಿಚ್ಚಿದಳು. ನಾಲ್ಕು ಸುತ್ತು ಸುತ್ತಿ ನನ್ನ ಶರ್ಟಿನ ಜೇಬಿನಲ್ಲಿ ಇಟ್ಟಳು.

“ಸಾರಿಗೆ ಬೀಳುತ್ತೆ,” ಎಂದಳು. ಮುನಿಲಕ್ಷ್ಮಮ್ಮನ ಪಕ್ಕದಿಂದ ದಾಟಿ ಹೊರಗೆ ಹೋದಳು.

ನಮ್ಮ ಜಗಳ ಇನ್ನೂ ಸ್ವಲ್ಪ ಹೊತ್ತು ನಡೆಯಿತು. ಕರಾರಿನ ನಾಲ್ಕನೇ ಕಲಮಿನವರೆಗೂ ಹೋಯಿತು. ಕರಾರು ಮನೆಗೆ ಮಾತ್ರ, ಶಾಲೆಗಲ್ಲ ಎಂದು ನಾನು ವಾದಿಸಿದೆ, ಅದನ್ನು ಅಧಿಕಾರಿಯೂ ಒಪ್ಪಿದರು. ಆಮೇಲೆ ಅವರು ಹೋದರು, ರಾಮಾನುಜರೂ ಹೋದರು. ಊಟ ಮುಗಿದ ಗಂಟೆಯೂ ಹೊಡೆಯಿತು, ಮಕ್ಕಳು ತಟ್ಟೆ ತೊಳೆದು ಒಳಗೆ ಹೋದವು.

ಎರಡು ಗಂಟೆಗೆ ಗೇಟಿನ ಹೊರಗೆ ಸ್ಕೂಟರ್ ಸ್ಟಾರ್ಟ್ ಮಾಡಿ ಹಾರ್ನ್ ಹೊಡೆದೆ. ನಾಲ್ಕನೇ ತರಗತಿಯ ಕಿಟಕಿಯಲ್ಲಿ ಎರಡು ಜಡೆ ಅಕ್ಕಪಕ್ಕ ಕಾಣುತ್ತಿದ್ದವು. ಒಂದಕ್ಕೂ ತಿರುಗುವ ಲಕ್ಷಣವಿರಲಿಲ್ಲ. ಇನ್ನೊಮ್ಮೆ ಹೊಡೆದೆ. ಮೇಡಂ ಜಗಲಿಗೆ ಬಂದು, ಇದು ಶಾಲೆ ರೀ ಸರ, ಹಾರ್ನ್ ಹೊಡೀಬ್ಯಾಡ್ರಿ ಎಂದು ಗದರಿಸಿ ಒಳಗೆ ಹೋದರು. ಮಾನಸಳ ಫೋನ್ ಮೂರು ಸಲ ಬಂತು, ಎತ್ತಲಿಲ್ಲ. ಏನು ಹೇಳುವುದು? ಎಂಜಿನ್ ಆರಿಸಿದೆ. ಟೈ ಜೇಬಿನಲ್ಲೇ ಇತ್ತು.

ಹುಡುಗಿ ಹೊರಗೆ ಬರಲಿಲ್ಲ.